‘ಗೆಲ್ಲಲಿಲ್ಲ’ ಎಂದರೆ ಸೋತ ಹಾಗೆಯೇ? ಒಂದು ಡ್ರಾ ಆಟದಿಂದ ಕಲಿತ ಸಂಭವನೀಯತೆಯ ಪಾಠ

ವಿಷಯ: ಗಣಿತ
ತರಗತಿ: 10
ಘಟಕ: ಸಂಭವನೀಯತೆ
ಕಲಿಕಾಂಶಗಳು: ಪೂರಕ ಘಟನೆ, ಸಮಸಂಭವನೀಯ ಫಲಿತಗಳು
ಅವಧಿ: ತಲಾ 40 ನಿಮಿಷಗಳ ಎರಡು ಪಾಠಗಳು
ಸ್ಥಳ: ಬಂಗಾರಪೇಟೆಯ ಒಂದು ಪ್ರೌಢಶಾಲೆ
ಬೋಧನೋಪಕರಣಗಳು: ಒಂದು ಚೆಸ್ ಹಾಸು, ಎರಡು ರಾಜ, ಒಂದು ಸಿಪಾಯಿ, 16 ರಟ್ಟಿನ ಚೀಟಿಗಳು

ಪೀಠಿಕೆ

ಅಭ್ಯಾಸ ಬೋಧನೆಯಲ್ಲಿ ಚೆನ್ನಾಗಿ ನಡೆದ ಪಾಠವನ್ನು ಆರಿಸಿ ಬರೆಯುವುದು ರೂಢಿ. ನಾನು ಇಲ್ಲಿ ಬರೆಯುತ್ತಿರುವುದು ತಪ್ಪಿದ ಒಂದು ಪಾಠ ಮತ್ತು ಅದನ್ನು ತಿದ್ದಲು ಮಾಡಿದ ಇನ್ನೊಂದು ಪಾಠದ ಬಗ್ಗೆ. ತಪ್ಪು ನನ್ನದು. ಅದನ್ನು ತೋರಿಸಿಕೊಟ್ಟವಳು ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ. ಅವಳು ಅದಕ್ಕೆ ಹಿಂದಿನ ಭಾನುವಾರ ರಾಬರ್ಟ್‌ಸನ್‌ಪೇಟೆಯಲ್ಲಿ ನಡೆದ ಶಾಲಾ ಮಕ್ಕಳ ಚೆಸ್ ಪಂದ್ಯಾವಳಿಯಲ್ಲಿ ಕೊನೆಯ ಸುತ್ತಿನ ಆಟವನ್ನು ಡ್ರಾ ಮಾಡಿಕೊಂಡು ಬಂದಿದ್ದಳು.

ನನಗೆ ಕೊಟ್ಟಿದ್ದ ತರಗತಿಯಲ್ಲಿ ಬಂಗಾರಪೇಟೆಯ ಮಕ್ಕಳ ಜೊತೆ ಸುತ್ತಲಿನ ಹಳ್ಳಿಗಳ ಮಕ್ಕಳೂ ಮಾರಿಕುಪ್ಪಂ ರೈಲಿನಲ್ಲಿ ಬರುವ ಕೆಜಿಎಫ್ ಮಕ್ಕಳೂ ಇದ್ದರು. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು, ತಮಿಳು, ಉರ್ದು. ಗಣಿತದ ಪದಗಳನ್ನು ಎಲ್ಲರೂ ಕಲಿಯುವುದು ಕನ್ನಡದಲ್ಲಿ. ಈ ಪಾಠದಲ್ಲಿ ತೊಡಕು ಹುಟ್ಟಿದ್ದು ಲೆಕ್ಕಕ್ಕಿಂತ ಹೆಚ್ಚಾಗಿ ಪದಗಳಿಂದ. ಅದಕ್ಕಾಗಿ ಇದನ್ನು ಮೊದಲೇ ಹೇಳಿದೆ.

ಮೊದಲ ಪಾಠ: ನಾನು ಮಾಡಿದ ತಪ್ಪು

ಪಠ್ಯಪುಸ್ತಕದಲ್ಲಿ ಪೂರಕ ಘಟನೆಗೆ ಒಂದು ಒಳ್ಳೆಯ ಉದಾಹರಣೆ ಇದೆ. ಇಬ್ಬರು ಹುಡುಗಿಯರು ಟೆನಿಸ್ ಆಡುತ್ತಾರೆ. ಒಬ್ಬಳು ಗೆಲ್ಲುವ ಸಂಭವನೀಯತೆ 0.62. ಹಾಗಾದರೆ ಇನ್ನೊಬ್ಬಳು ಗೆಲ್ಲುವ ಸಂಭವನೀಯತೆ ಎಷ್ಟು? 1ರಿಂದ 0.62 ಕಳೆದರೆ 0.38. ಮಕ್ಕಳು ತಕ್ಷಣ ಹೇಳಿದರು. ಪಾಠ ಸಲೀಸಾಗಿ ಸಾಗುತ್ತಿದೆ ಎಂದುಕೊಂಡು, ಪುಸ್ತಕದ ಲೆಕ್ಕವನ್ನೇ ಹೇಳಿದರೆ ನನ್ನದೇನು ಬಂತು ಎಂದು, ಅದೇ ಮಾದರಿಯ ಸ್ವಂತ ಲೆಕ್ಕವೊಂದನ್ನು ಕಪ್ಪುಹಲಗೆಯ ಮೇಲೆ ಬರೆದೆ:

“ಇಬ್ಬರು ಗೆಳತಿಯರು ಚೆಸ್ ಆಡುತ್ತಾರೆ. ಮೊದಲನೆಯವಳು ಗೆಲ್ಲುವ ಸಂಭವನೀಯತೆ 0.4. ಎರಡನೆಯವಳು ಗೆಲ್ಲುವ ಸಂಭವನೀಯತೆ ಎಷ್ಟು?”

ತರಗತಿ ಒಟ್ಟಾಗಿ “0.6” ಎಂದಿತು. ನಾನು ಅದನ್ನು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದಾಗ ಮೂರನೇ ಬೆಂಚಿನಿಂದ ಒಂದು ದನಿ ಬಂತು: “ಮಿಸ್, ಡ್ರಾ ಆದ್ರೆ?”

ನಾನು ಹೇಳಿದ್ದು: “ಡ್ರಾ ಬೇಡ ಈಗ. ಗೆಲ್ಲೋದು ಸೋಲೋದು ಎರಡೇ ಇಟ್ಕೊಳ್ಳೋಣ.”

ಅವಳು ಸುಮ್ಮನೆ ಕುಳಿತಳು. ಗಂಟೆ ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುತ್ತಿದ್ದ ಮಾರ್ಗದರ್ಶಕ ಶಿಕ್ಷಕಿ ನನ್ನ ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಹಲಗೆ ಬರಹ, ಸಮಯ ಪಾಲನೆ ಎಲ್ಲದರ ಮುಂದೆ ‘ಉತ್ತಮ’ ಎಂದು ಬರೆದಿದ್ದರು. ಕೆಳಗೆ ಒಂದೇ ಒಂದು ಸಾಲು: “ಆ ಹುಡುಗಿ ಕೇಳಿದ್ದು ಪಾಠದ ಹೊರಗಿನ ಪ್ರಶ್ನೆ ಅಲ್ಲ, ಅದೇ ಪಾಠ.”

ಸಂಜೆ ರೈಲಿನಲ್ಲಿ ಮನೆಗೆ ಹೋಗುವಾಗ ಆ ಸಾಲನ್ನು ಮತ್ತೆ ಓದಿದೆ. ಟೆನಿಸ್‌ನಲ್ಲಿ ಪಂದ್ಯ ಡ್ರಾ ಆಗುವುದಿಲ್ಲ. ಅದಕ್ಕೇ ಪುಸ್ತಕ ಟೆನಿಸ್ ಆರಿಸಿಕೊಂಡಿದೆ. ನಾನು ಅದನ್ನು ಗಮನಿಸದೆ ಆಟದ ಹೆಸರನ್ನು ಮಾತ್ರ ಬದಲಾಯಿಸಿದ್ದೆ. ಚೆಸ್‌ನಲ್ಲಿ ಮೊದಲನೆಯವಳು ಗೆಲ್ಲುವ ಸಂಭವನೀಯತೆ 0.4 ಎಂದು ಮಾತ್ರ ಗೊತ್ತಿದ್ದರೆ, ಎರಡನೆಯವಳದು 0.6 ಎಂದು ಹೇಳಲು ಬರುವುದಿಲ್ಲ. 0.6ಕ್ಕಿಂತ ಹೆಚ್ಚಲ್ಲ ಎಂದಷ್ಟೇ ಹೇಳಬಹುದು. ಡ್ರಾ ಆಗುವ ಸಂಭವನೀಯತೆ 0.25 ಇದ್ದರೆ ಅವಳದು 0.35. ಡ್ರಾದ ಅಂಕಿ ಗೊತ್ತಿಲ್ಲದಿದ್ದರೆ ಉತ್ತರವೂ ಗೊತ್ತಿಲ್ಲ. ಹಾಗಾದರೆ ಹಲಗೆಯ ಮೇಲೆ ನಾನು ಗೆರೆ ಎಳೆದು ಬಿಟ್ಟುಬಂದದ್ದು ತಪ್ಪು ಉತ್ತರ, ಸುಮ್ಮನಿರಿಸಿದ್ದು ಸರಿಯಾಗಿ ಯೋಚಿಸಿದ ಒಬ್ಬಳನ್ನು.

ವಿರುದ್ಧ ಪದ ಬೇರೆ, ಪೂರಕ ಘಟನೆ ಬೇರೆ

ಈ ತಪ್ಪು ಎಲ್ಲಿಂದ ಬಂತು ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಕನ್ನಡ ತರಗತಿಯ ವಿರುದ್ಧ ಪದಗಳ ಪಟ್ಟಿ. ಹಗಲು × ರಾತ್ರಿ, ಸುಖ × ದುಃಖ, ಗೆಲುವು × ಸೋಲು. ಚಿಕ್ಕ ತರಗತಿಯಿಂದ ಹೀಗೆ ಕಲಿತುಬಂದ ಮಕ್ಕಳು ‘ಪೂರಕ ಘಟನೆ’ ಎಂದ ಕೂಡಲೇ ವಿರುದ್ಧ ಪದವನ್ನು ಹುಡುಕುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಗಣಿತದಲ್ಲಿ ‘ಗೆಲುವು’ ಎಂಬ ಘಟನೆಗೆ ಪೂರಕವಾದದ್ದು ‘ಸೋಲು’ ಅಲ್ಲ, ‘ಗೆಲ್ಲದಿರುವುದು’. ಕನ್ನಡದ ಕ್ರಿಯಾಪದವೇ ಇದನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ‘ಸೋತೆ’ ಎನ್ನುವುದು ಒಂದು ಮಾತು, ‘ಗೆಲ್ಲಲಿಲ್ಲ’ ಎನ್ನುವುದು ಇನ್ನೊಂದು. ಸೋತವರೆಲ್ಲ ಗೆಲ್ಲಲಿಲ್ಲ. ಆದರೆ ಗೆಲ್ಲದವರೆಲ್ಲ ಸೋತಿಲ್ಲ. ಹಾಗಾಗಿ ಪೂರಕ ಘಟನೆಯನ್ನು ಕಲಿಸುವಾಗ ವಿರುದ್ಧ ಪದ ಕೇಳಬಾರದು, ‘ಇಲ್ಲ’ ಸೇರಿಸಿದ ರೂಪವನ್ನು ಕೇಳಬೇಕು ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ. ದಾಳದಲ್ಲಿ 6 ಬೀಳುವುದಕ್ಕೆ ಪೂರಕ ಯಾವುದು ಎಂದರೆ ಯಾರೂ ವಿರುದ್ಧ ಪದ ಹುಡುಕುವುದಿಲ್ಲ. ‘6 ಬೀಳದಿರುವುದು’ ಎಂದು ಸರಿಯಾಗಿಯೇ ಹೇಳುತ್ತಾರೆ. ಗೆಲುವು, ಪಾಸು, ಮಳೆ ಮುಂತಾದ ದಿನಬಳಕೆಯ ಮಾತು ಬಂದಾಗಲೇ ಎಡವುವುದು.

ಎರಡನೇ ಪಾಠದ ಸಿದ್ಧತೆ

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಹುಡುಗಿಯನ್ನು ಕರೆದು, ನಿನ್ನೆ ನಾನು ಹೇಳಿದ್ದು ತಪ್ಪು, ನೀನು ಕೇಳಿದ್ದು ಸರಿ ಎಂದೆ. ಅವಳು ಚಾಂಪಿಯನ್ ರೀಫ್ಸ್ ಕಡೆಯವಳು. ಆಟ ಕಲಿಸಿದ್ದು ತಾತ ಎಂದಳು. ಡ್ರಾದ ಯೋಚನೆ ಯಾಕೆ ಬಂತು ಎಂದು ಕೇಳಿದರೆ, ಭಾನುವಾರದ ಆಟವನ್ನು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಚೌಕ ಹಾಕಿ ತೋರಿಸಿದಳು. ಎದುರಾಳಿ ಬೇರೆ ಶಾಲೆಯ ಹುಡುಗ, ಅವಳಿಗಿಂತ ಒಂದು ವರ್ಷ ಚಿಕ್ಕವನು. ಕೊನೆಗೆ ಹಾಸಿನ ಮೇಲೆ ಉಳಿದದ್ದು ಮೂರೇ ಕಾಯಿ: ಅವನ ಬಿಳಿ ರಾಜ, ಒಂದು ಬಿಳಿ ಸಿಪಾಯಿ, ಇವಳ ಕಪ್ಪು ರಾಜ.

ಆಟ ಮುಗಿದಾಗ ಇಬ್ಬರಿಗೂ ಸಿಕ್ಕಿದ್ದು ತಲಾ ಅರ್ಧ ಪಾಯಿಂಟ್. ಹುಡುಗ ಸೋತವನಂತೆ ಎದ್ದುಹೋದನಂತೆ. ಅವನ ಹತ್ತಿರ ಒಂದು ಸಿಪಾಯಿ ಹೆಚ್ಚಿತ್ತಲ್ಲ. ಇವಳು ಗೆದ್ದವಳಂತೆ ಮನೆಗೆ ಬಂದಳಂತೆ. “ನೋಡಿದ ಆಂಟಿ ಒಬ್ರು, ಪಾಪ ಗೆಲ್ಲಲಿಲ್ವಾ ಅಂದ್ರು ಮಿಸ್. ನಾನು ಸೋಲ್ಲಿಲ್ಲ ಅಂದೆ” ಎಂದಳು. ನಾನು ಹಿಂದಿನ ರಾತ್ರಿ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದನ್ನು ಅವಳು ಭಾನುವಾರವೇ ಹೇಳಿದ್ದಳು. ಆ ಆಟವನ್ನೇ ಪಾಠಕ್ಕೆ ತರಲು ಅವಳ ಒಪ್ಪಿಗೆ ಕೇಳಿದೆ. ಹಾಸನ್ನು ತಾನೇ ತರುತ್ತೇನೆ ಎಂದಳು.

ಚೆಸ್ ಗೊತ್ತಿಲ್ಲದ ಸಹಪಾಠಿಗಳಿಗಾಗಿ ಒಂದು ಮಾತು. ಗೆದ್ದರೆ 1, ಡ್ರಾ ಆದರೆ ½, ಸೋತರೆ 0 ಪಾಯಿಂಟ್. ಡ್ರಾ ಮುಖ್ಯವಾಗಿ ಐದು ಬಗೆಯಲ್ಲಿ ಆಗುತ್ತದೆ. ಇಬ್ಬರೂ ಒಪ್ಪಿಕೊಂಡರೆ ಡ್ರಾ. ರಾಜನಿಗೆ ಶಹ ಇಲ್ಲದಿದ್ದರೂ ಆಡಬೇಕಾದವರಿಗೆ ನಿಯಮಬದ್ಧವಾದ ಒಂದು ನಡೆಯೂ ಇಲ್ಲದಿದ್ದರೆ ಡ್ರಾ. ಇದನ್ನು ಸ್ಟೇಲ್‌ಮೇಟ್ ಎನ್ನುತ್ತಾರೆ. ಅದೇ ಸ್ಥಿತಿ ಮೂರು ಸಲ ಬಂದರೆ ಆಟಗಾರರು ಡ್ರಾ ಕೇಳಬಹುದು. ಇಬ್ಬರೂ 50 ನಡೆ ಆಡುವವರೆಗೆ ಯಾವ ಸಿಪಾಯಿಯೂ ಕದಲದೆ, ಯಾವ ಕಾಯಿಯೂ ಹೊಡೆತಕ್ಕೆ ಬೀಳದೆ ಇದ್ದರೂ ಡ್ರಾ ಕೇಳಬಹುದು. ಎರಡು ಬರಿಯ ರಾಜಗಳು ಉಳಿದಂತೆ, ಯಾರೂ ಯಾರನ್ನೂ ಮಾತ್ ಮಾಡಲು ಸಾಧ್ಯವೇ ಇಲ್ಲದಿದ್ದರೂ ಡ್ರಾ. ನಮ್ಮ ಆಟ ಮುಗಿದದ್ದು ಸ್ಟೇಲ್‌ಮೇಟ್‌ನಲ್ಲಿ.

ಎರಡನೇ ಪಾಠ

ತೊಡಗಿಸಿಕೊಳ್ಳುವಿಕೆ: ಹಳೆಯ ಲೆಕ್ಕವನ್ನೇ ಹಲಗೆಯ ಮೇಲೆ ಮತ್ತೆ ಬರೆದೆ. ಉತ್ತರದ ಜಾಗದಲ್ಲಿ 0.6 ಬರೆದು ಅದರ ಮೇಲೆ ಅಡ್ಡಗೆರೆ ಎಳೆದೆ. “ಇದು ನನ್ನ ತಪ್ಪು. ಯಾಕೆ ತಪ್ಪು?” ಎಂದು ಕೇಳಿದೆ. ಶಿಕ್ಷಕರು ತಾವೇ ತಪ್ಪು ಎಂದರೆ ಮಕ್ಕಳು ಎಷ್ಟು ಎಚ್ಚರಗೊಳ್ಳುತ್ತಾರೆ ಎಂಬುದನ್ನು ಅಂದು ನೋಡಿದೆ. ಎಂದೂ ಕೈ ಎತ್ತದವರೂ ಎತ್ತಿದರು. ಆಮೇಲೆ ಮೂರು ಫಲಿತಗಳನ್ನು ಬರೆದೆವು: ಗೆಲುವು, ಡ್ರಾ, ಸೋಲು. ಮೂರರ ಸಂಭವನೀಯತೆಗಳ ಮೊತ್ತ 1.

ಇಲ್ಲಿ ನಾನು ನಿರೀಕ್ಷಿಸದ ಎರಡನೇ ತಪ್ಪು ಎದುರಾಯಿತು. ಒಬ್ಬ ಹುಡುಗ, “ಹಂಗಾದ್ರೆ ಒಂದೊಂದಕ್ಕೂ ಮೂರರಲ್ಲಿ ಒಂದು” ಎಂದ. ಪಕ್ಕದವಳು ಇನ್ನೂ ಮುಂದೆ ಹೋಗಿ, “ಡ್ರಾ ಅಂದ್ರೆ ಸಮ ತಾನೇ ಮಿಸ್, ಅದಕ್ಕೇ ಸಮಸಂಭವನೀಯ” ಎಂದಳು. ‘ಸಮ’ ಎಂಬ ಪದ ಎರಡೂ ಕಡೆ ಇರುವುದರಿಂದ ಹುಟ್ಟಿದ ಗೊಂದಲ ಇದು. ಆಟ ಸಮವಾಗಿ ಮುಗಿಯುವುದು ಬೇರೆ, ಫಲಿತಗಳು ಸಮಸಂಭವನೀಯ ಆಗಿರುವುದು ಬೇರೆ ಎಂದು ಹೇಳಿ, ಎಲ್ಲರಿಗೂ ಗೊತ್ತಿರುವ ಒಂದು ಪ್ರಶ್ನೆ ಕೇಳಿದೆ: “ಬೆಳಗಿನ ರೈಲು ಹೊತ್ತಿಗೆ ಸರಿಯಾಗಿ ಬರುತ್ತೆ ಅಥವಾ ಬರಲ್ಲ. ಎರಡೇ ಫಲಿತ. ಹಾಗಾದ್ರೆ ಸರಿಯಾಗಿ ಬರೋ ಸಂಭವನೀಯತೆ ಅರ್ಧವಾ?” ತರಗತಿ ನಕ್ಕಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಎಷ್ಟೋ ಮಂದಿ ನಿತ್ಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ಮನೆಗಳ ಮಕ್ಕಳಿಗೆ ಇದರ ಉತ್ತರವನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ. ಫಲಿತಗಳನ್ನು ಪಟ್ಟಿ ಮಾಡುವುದು ಒಂದು ಕೆಲಸ, ಅವು ಸಮಸಂಭವನೀಯ ಎಂದು ತೋರಿಸುವುದು ಇನ್ನೊಂದು ಕೆಲಸ ಎಂದು ಹಲಗೆಯ ಬಲ ಮೂಲೆಯಲ್ಲಿ ಬರೆದೆ. ಪಾಠ ಮುಗಿಯುವವರೆಗೆ ಅಳಿಸಲಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಫ್ರಾನ್ಸಿನ ಗಣಿತಜ್ಞ ಡಿ ಅಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದ. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತು, ಇಲ್ಲವಾದರೆ ಎರಡನೇ ಸಲ ಶಿರ, ಅದೂ ಇಲ್ಲವಾದರೆ ಎರಡು ಸಲವೂ ಪುಚ್ಛ. ಮೂರು ಫಲಿತ, ಎರಡು ಅನುಕೂಲ. ಸರಿಯಾದ ಉತ್ತರ 3/4. ಅವನ ಪಟ್ಟಿಯಲ್ಲಿ ಏನೂ ಬಿಟ್ಟುಹೋಗಿಲ್ಲ. ಆದರೆ ಮೊದಲ ಫಲಿತ ಉಳಿದ ಒಂದೊಂದರ ಎರಡರಷ್ಟು ತೂಕದ್ದು. ಇದನ್ನು ಹೇಳಿದಾಗ ‘ಮೂರರಲ್ಲಿ ಒಂದು’ ಎಂದಿದ್ದ ಹುಡುಗನ ಮುಖದಲ್ಲಿ ಸಮಾಧಾನ ಕಂಡಿತು.

ಅನ್ವೇಷಣೆ: ಈಗ ಹಾಸು ಬಂತು. ಎಡದಿಂದ ಬಲಕ್ಕೆ ಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. ಬಿಳಿ ರಾಜ ಡಿ-5, ಬಿಳಿ ಸಿಪಾಯಿ ಇ-6, ಕಪ್ಪು ರಾಜ ಇ-7. ಹುಡುಗ ಆಗಷ್ಟೇ ಸಿಪಾಯಿಯನ್ನು ಮುಂದೆ ತಳ್ಳಿದ್ದ. ನಡೆ ಕಪ್ಪಿನದು. ಸಿಪಾಯಿ 8ನೇ ಸಾಲು ಮುಟ್ಟಿದರೆ ಮಂತ್ರಿಯಾಗುತ್ತದೆ, ಆಗ ಬಿಳಿ ಗೆದ್ದ ಹಾಗೆಯೇ.

ಇಬ್ಬಿಬ್ಬರ ಜೋಡಿ ಮಾಡಿ ಕೇಳಿದೆ: ಕಪ್ಪು ರಾಜನಿಗೆ ಎಷ್ಟು ನಡೆಗಳಿವೆ? ಕೆಲವು ಜೋಡಿಗಳು 8 ಎಂದವು. ಹೊಡೆತದಲ್ಲಿರುವ ಮನೆಗಳನ್ನು ಒಂದೊಂದಾಗಿ ತೆಗೆದಾಗ ನಾಲ್ಕೇ ಉಳಿದವು: ಡಿ-8, ಇ-8, ಎಫ್-8, ಎಫ್-6. ಸಿಪಾಯಿಯನ್ನು ಹೊಡೆಯುವಂತಿಲ್ಲ, ಬಿಳಿ ರಾಜ ಕಾಯುತ್ತಿದ್ದಾನೆ.

ನಾಲ್ಕನ್ನೂ ಆಡಿ ನೋಡಿದೆವು. ಡಿ-8ಕ್ಕೆ ಹೋದರೆ ಬಿಳಿ ರಾಜ ಡಿ-6ಕ್ಕೆ ಬರುತ್ತಾನೆ. ಕಪ್ಪು ಇ-8ಕ್ಕೆ ಬಂದರೆ ಸಿಪಾಯಿ ಶಹ ಕೊಡದೆಯೇ ಇ-7ಕ್ಕೆ ಏರುತ್ತದೆ. ಕಪ್ಪು ರಾಜ ಎಫ್-7ಕ್ಕೆ ಹೋಗಲೇಬೇಕು, ಬಿಳಿ ರಾಜ ಡಿ-7ಕ್ಕೆ ಬಂದು ದಾರಿ ತೆರೆಯುತ್ತಾನೆ. ಸಿಪಾಯಿ ಮಂತ್ರಿಯಾಗುತ್ತದೆ. ಎಫ್-8 ಮತ್ತು ಎಫ್-6 ಕೂಡ ಸೋಲಿನ ದಾರಿಗಳೇ. ಉಳಿದದ್ದು ನೇರ ಹಿಂದಕ್ಕೆ, ಇ-8. ಭಾನುವಾರ ಅವಳು ಆಡಿದ್ದು ಅದನ್ನೇ.

ಬಿಳಿ ರಾಜ ಡಿ-6ಕ್ಕೆ ಬಂದ. ಈಗ ಕಪ್ಪಿಗೆ ಎರಡೇ ನಡೆ: ಡಿ-8 ಅಥವಾ ಎಫ್-8. ಎಫ್-8 ಆಡಿದರೆ ಬಿಳಿ ರಾಜ ಡಿ-7ಕ್ಕೆ ನುಗ್ಗಿ ಗೆಲ್ಲುತ್ತಾನೆ. ಅವಳು ಡಿ-8ಕ್ಕೆ ಹೋಗಿ ಬಿಳಿ ರಾಜನ ಎದುರಿಗೇ ನಿಂತಳು. ಸಿಪಾಯಿ ಇ-7ಕ್ಕೆ ಏರಿ ಶಹ ಕೊಟ್ಟಿತು. ಮತ್ತೆ ಎರಡೇ ನಡೆ: ಸಿ-8 ಅಥವಾ ಇ-8. ಸಿ-8 ಆಡಿದರೆ ಸಿಪಾಯಿ ಮಂತ್ರಿಯಾಗುತ್ತದೆ. ಅವಳು ಇ-8ಕ್ಕೆ ಬಂದು ಸಿಪಾಯಿಯ ಮುಂದೆ ಕುಳಿತಳು. ಬಿಳಿ ರಾಜ ಸಿಪಾಯಿಯನ್ನು ಬಿಟ್ಟು ದೂರ ಸರಿದರೆ ಅದು ಹೊಡೆತಕ್ಕೆ ಬೀಳುತ್ತದೆ. ಕಾಯಬೇಕೆಂದರೆ ಅವನಿಗೆ ಇದ್ದದ್ದು ಇ-6 ಒಂದೇ. ಅಲ್ಲಿಗೆ ಬಂದ. ಕಪ್ಪು ರಾಜನಿಗೆ ಶಹ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಡ್ರಾ.

ವಿವರಣೆ: “ಆಟ ಗೊತ್ತಿಲ್ಲದ, ಕಣ್ಣು ಮುಚ್ಚಿ ನಡೆ ಆರಿಸುವ ಒಬ್ಬರು ಕಪ್ಪು ಆಡುತ್ತಿದ್ದಾರೆ. ಬಿಳಿ ಸರಿಯಾಗಿ ಇದೇ ನಡೆಗಳನ್ನು ಆಡುತ್ತದೆ. ಡ್ರಾ ಆಗುವ ಸಂಭವನೀಯತೆ ಎಷ್ಟು?” ಹತ್ತನೇ ತರಗತಿಯಲ್ಲಿ ಸಂಭವನೀಯತೆಗಳನ್ನು ಗುಣಿಸುವ ನಿಯಮ ಇಲ್ಲ. ಹಾಗಾಗಿ 16 ರಟ್ಟಿನ ಚೀಟಿಗಳನ್ನು ಮೇಜಿನ ಮೇಲೆ ಇಟ್ಟೆ. ಒಂದೊಂದು ಚೀಟಿ ಒಬ್ಬೊಬ್ಬ ಕುರುಡು ಆಟಗಾರ. ಮೊದಲ ನಡೆಗೆ ನಾಲ್ಕು ದಾರಿ, ದಾರಿಗೆ 4 ಚೀಟಿ. ಇ-8ರ 4 ಉಳಿದವು, 12 ಬಿದ್ದವು. ಎರಡನೇ ನಡೆಗೆ ಎರಡು ದಾರಿ. 2 ಉಳಿದವು. ಮೂರನೇ ನಡೆಗೆ ಮತ್ತೆ ಎರಡು ದಾರಿ. ಮೇಜಿನ ಮೇಲೆ ಉಳಿದದ್ದು ಒಂದೇ ಚೀಟಿ. ಸಂಭವನೀಯತೆ 1/16. ಸೂತ್ರ ಬರೆಯದೆಯೇ ಎಲ್ಲರಿಗೂ ಉತ್ತರ ಸಿಕ್ಕಿತು.

ಆಗ ಒಬ್ಬ ಹುಡುಗ ಅವಳ ಕಡೆ ತಿರುಗಿ, “ಹಂಗಾದ್ರೆ ನಿಂಗೆ ಹದಿನಾರರಲ್ಲಿ ಒಂದು ಲಕ್ಕು” ಎಂದ.

ಅವಳು ಎದ್ದು ನಿಂತು, “ಲಕ್ಕಲ್ಲ. ನಂಗೆ ಗೊತ್ತಿತ್ತು” ಎಂದಳು.

ಈ ಘಟಕದಲ್ಲಿ ಮಕ್ಕಳಿಗೆ ತಲುಪಬೇಕಾದ ಮುಖ್ಯ ಮಾತು ಅದರಲ್ಲಿದೆ. ನಾಲ್ಕು ನಡೆಗಳು ಸಮಸಂಭವನೀಯ ಆಗುವುದು ಆರಿಸುವವರಿಗೆ ಅವುಗಳ ನಡುವೆ ಯಾವ ವ್ಯತ್ಯಾಸವೂ ಕಾಣದಿದ್ದಾಗ ಮಾತ್ರ. ದಾಳಕ್ಕೆ ತನ್ನ ಮುಖಗಳ ನಡುವೆ ಆಯ್ಕೆ ಇಲ್ಲ, ನಾಣ್ಯಕ್ಕೂ ಇಲ್ಲ. ಕಲಿತ ಆಟಗಾರ್ತಿಗೆ ಇದೆ. ಅವಳ ಮಟ್ಟಿಗೆ ಇ-8ರ ಸಂಭವನೀಯತೆ 1/4 ಅಲ್ಲ, 1ಕ್ಕೆ ಬಹಳ ಹತ್ತಿರ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ‘ನಿಷ್ಪಕ್ಷಪಾತ ದಾಳ’, ‘ಚೆನ್ನಾಗಿ ಕಲೆಸಿದ ಎಲೆಗಳು’, ‘ಯಾದೃಚ್ಛಿಕವಾಗಿ ತೆಗೆದಾಗ’ ಎಂಬ ಮಾತುಗಳು ಯಾಕೆ ಬರುತ್ತವೆ ಎಂದು ಈಗ ಕೇಳಿದೆ. ಅದುವರೆಗೆ ಆ ಪದಗಳನ್ನು ದಾಟಿ ನೇರ ಅಂಕಿಗಳಿಗೆ ಹೋಗುತ್ತಿದ್ದ ಮಕ್ಕಳು, ಆ ಪದಗಳಿಲ್ಲದೆ ಲೆಕ್ಕವೇ ಇಲ್ಲ ಎಂದರು.

ವಿಸ್ತರಣೆ: ದೊಡ್ಡ ಪಂದ್ಯಗಳ ಅಂಕಿಗಳಿಂದ ಪ್ರಾಯೋಗಿಕ ಸಂಭವನೀಯತೆಗೆ ಬಂದೆವು. 2024ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ 14 ಆಟ ಆಡಿದರು. ಗುಕೇಶ್ 3 ಗೆದ್ದರು, ಡಿಂಗ್ 2 ಗೆದ್ದರು, 9 ಡ್ರಾ. ಮಕ್ಕಳು ಪಾಯಿಂಟ್ ಲೆಕ್ಕ ಹಾಕಿದರು: 3 + 4½ = 7½, 2 + 4½ = 6½. ಹದಿನೆಂಟರ ಹುಡುಗ ಚಾಂಪಿಯನ್ ಆದ ಆ ಪಂದ್ಯದಲ್ಲಿ ಡ್ರಾದ ಪಾಲು 9/14. ಗೆಲುವು, ಡ್ರಾ, ಸೋಲು ಮೂರೂ 1/3 ಎಂದವರಿಗೆ ಇದು ಉತ್ತರ.

ಆಮೇಲೆ ಇನ್ನೆರಡು. 1984ರಲ್ಲಿ ಮಾಸ್ಕೋದಲ್ಲಿ ಶುರುವಾದ ಕಾರ್ಪೋವ್–ಕಾಸ್ಪರೋವ್ ಪಂದ್ಯದಲ್ಲಿ 48 ಆಟ, 40 ಡ್ರಾ, ಅಂದರೆ 5/6. ಅದನ್ನು 1985ರ ಫೆಬ್ರವರಿಯಲ್ಲಿ ಫಲಿತಾಂಶವಿಲ್ಲದೆ ನಿಲ್ಲಿಸಲಾಯಿತು. 2018ರಲ್ಲಿ ಲಂಡನ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನ ಆಡಿದ 12 ಕ್ಲಾಸಿಕಲ್ ಆಟಗಳಲ್ಲಿ 12ಕ್ಕೆ 12 ಡ್ರಾ. “12/12 ಅಂದರೆ 1. ಹಾಗಾದರೆ ಇವರಿಬ್ಬರು ಆಡಿದರೆ ಡ್ರಾ ಖಚಿತ ಘಟನೆಯೇ?” ಎಂದು ಕೇಳಿದೆ. ತರಗತಿ ಎರಡು ಪಾಲಾಯಿತು. ವಾದ ಸ್ವಲ್ಪ ಹೊತ್ತು ನಡೆಯಲು ಬಿಟ್ಟು, ನಂತರ ನಡೆದ ವೇಗದ ಟೈಬ್ರೇಕ್‌ನಲ್ಲಿ ಕಾರ್ಲ್‌ಸನ್ 3–0ಯಿಂದ ಗೆದ್ದರು ಎಂದೆ. ನಡೆದದ್ದರ ಅನುಪಾತ ಮುಂದೆ ನಡೆಯುವುದಕ್ಕೆ ಅಂದಾಜು ಮಾತ್ರ. ಕಾಲಾವಧಿಯಂತಹ ಒಂದು ಷರತ್ತು ಬದಲಾದರೂ ಅಂದಾಜು ಬದಲಾಗಬಹುದು.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು 2004ರ ಒಂದು ಆಟ. ಐಸ್‌ಲ್ಯಾಂಡಿನ ರೆಕ್ಯಾವಿಕ್‌ನಲ್ಲಿ 13 ವರ್ಷದ ಕಾರ್ಲ್‌ಸನ್ ವೇಗದ ಆಟವೊಂದರಲ್ಲಿ ಕಾಸ್ಪರೋವ್ ಜೊತೆ ಡ್ರಾ ಮಾಡಿಕೊಂಡ. ಮುಂದಿನ ಆಟ ಸೋತು ಹೊರಬಿದ್ದ. ಆದರೂ ಜನ ಇಂದಿಗೂ ಹೇಳುವುದು ಆ ಡ್ರಾ ಬಗ್ಗೆ. “ಅರ್ಧ ಪಾಯಿಂಟೇ” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಗಿದ್ದು, ಭಾರತದ 76ನೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು ನಮ್ಮ ಆಟಗಾರ್ತಿಗೆ ಮೊದಲೇ ಗೊತ್ತಿತ್ತು. ಅದನ್ನು ಅವಳೇ ತರಗತಿಗೆ ಹೇಳಿದಳು.

ಮೌಲ್ಯಮಾಪನ: ಕೊನೆಯ ಎಂಟು ನಿಮಿಷದಲ್ಲಿ ನಾಲ್ಕು ಪ್ರಶ್ನೆ ಕೊಟ್ಟೆ.

1. ‘ತರಗತಿಯ ಎಲ್ಲರೂ ಪಾಸಾದರು’ ಎಂಬ ಘಟನೆಗೆ ಪೂರಕ ಘಟನೆಯನ್ನು ಬರೆಯಿರಿ.
2. ಒಬ್ಬಳು ಚೆಸ್ ಆಟ ಗೆಲ್ಲುವ ಸಂಭವನೀಯತೆ 0.45, ಡ್ರಾ ಆಗುವ ಸಂಭವನೀಯತೆ 0.3. ಅವಳು ಸೋಲದಿರುವ ಸಂಭವನೀಯತೆ ಎಷ್ಟು?
3. 6 ಸುತ್ತು ಆಡಿದವನಿಗೆ 4 ಪಾಯಿಂಟ್. ಅವನು ಎಷ್ಟು ಗೆದ್ದಿರಬಹುದು, ಎಷ್ಟು ಡ್ರಾ, ಎಷ್ಟು ಸೋಲು? ಸಾಧ್ಯವಿರುವ ಎಲ್ಲವನ್ನೂ ಬರೆಯಿರಿ.
4. 6 ಮಂದಿ, ಪ್ರತಿಯೊಬ್ಬರೂ ಉಳಿದೆಲ್ಲರ ಜೊತೆ ಒಂದೊಂದು ಆಟ. ಎಲ್ಲರ ಪಾಯಿಂಟ್ ಕೂಡಿದಾಗ 14½ ಬಂತು. ಪಟ್ಟಿಯ ಬಗ್ಗೆ ಏನು ಹೇಳುತ್ತೀರಿ?

ಮೊದಲನೆಯದಕ್ಕೆ ‘ಎಲ್ಲರೂ ಫೇಲಾದರು’ ಎಂದು ಬರೆದವರು ಇನ್ನೂ ಇದ್ದರು. ಸರಿಯಾದದ್ದು ‘ಒಬ್ಬರಾದರೂ ಪಾಸಾಗಲಿಲ್ಲ’. ವಿರುದ್ಧ ಪದದ ಅಭ್ಯಾಸ ಒಂದು ಪಾಠದಲ್ಲಿ ಹೋಗುವುದಿಲ್ಲ ಎಂದು ಇದರಿಂದ ತಿಳಿಯಿತು. ಎರಡನೆಯದರ ಉತ್ತರ 0.75. ಮೂರನೆಯದಕ್ಕೆ ಮೂರು ಉತ್ತರಗಳಿವೆ: 4 ಗೆಲುವು 2 ಸೋಲು, 3 ಗೆಲುವು 2 ಡ್ರಾ 1 ಸೋಲು, 2 ಗೆಲುವು 4 ಡ್ರಾ. ಮೊದಲು ಬಂದ ಒಂದು ಉತ್ತರಕ್ಕೇ ಬಹಳ ಮಂದಿ ನಿಂತುಬಿಟ್ಟರು. ನಾಲ್ಕನೆಯದರಲ್ಲಿ ಒಟ್ಟು 15 ಆಟ. ಗೆಲುವಾದರೂ ಡ್ರಾ ಆದರೂ ಒಂದು ಆಟ ಹಂಚುವುದು ಒಟ್ಟು 1 ಪಾಯಿಂಟ್, ಆದ್ದರಿಂದ ಮೊತ್ತ 15 ಆಗಲೇಬೇಕು. ಪಟ್ಟಿಯಲ್ಲಿ ಎಲ್ಲೋ ತಪ್ಪಿದೆ. ಇದನ್ನು ಬಿಡಿಸಿದವರು ಹೆಚ್ಚಿಲ್ಲ, ಬಿಡಿಸಿದವರಿಗೆ ಮಾತ್ರ ಬಹಳ ಖುಷಿಯಾಯಿತು.

ಪಾಠದ ನಂತರ

ಹಾಸು ಮಡಿಸುವಾಗ ಆ ಹುಡುಗಿ ಕೇಳಿದಳು: “ಮಿಸ್, ಆ ಹುಡುಗ ಎಲ್ಲಿ ತಪ್ಪು ಮಾಡ್ದ?” ಇಬ್ಬರೂ ಸೇರಿ ಮತ್ತೆ ಆಡಿ ನೋಡಿದೆವು. ಹಾಸಿನ ಮೇಲೆ ನಾವು ಇಟ್ಟ ಸ್ಥಿತಿಯಿಂದ ಮುಂದೆ ಅವನ ತಪ್ಪೇನೂ ಇಲ್ಲ. ಕಪ್ಪು ಸರಿಯಾಗಿ ಆಡಿದರೆ ಅಲ್ಲಿ ಗೆಲುವೇ ಇಲ್ಲ. ರಾಜನನ್ನು ಮುಂದೆ ಕಳಿಸಿ ಸಿಪಾಯಿಯನ್ನು ಹಿಂದೆ ತರಬೇಕಿತ್ತು. ಬಿಳಿ ರಾಜ ಇ-6ರಲ್ಲಿ, ಸಿಪಾಯಿ ಅವನ ಹಿಂದೆ ಇ-5ರಲ್ಲಿ ಇದ್ದು, ಕಪ್ಪು ರಾಜ ಇ-8ರಲ್ಲಿ ಇದ್ದಿದ್ದರೆ ನಡೆ ಯಾರದಾದರೂ ಬಿಳಿಯೇ ಗೆಲ್ಲುತ್ತದೆ. ಅವನು ಸಿಪಾಯಿಯನ್ನು ಬೇಗ ಓಡಿಸಿದ್ದ. “ಮುಂದಿನ ಸಲ ಸಿಕ್ಕಿದ್ರೆ ಹೇಳ್ತೀನಿ” ಎಂದಳು. ಸ್ವಲ್ಪ ಯೋಚಿಸಿ, “ಆಟ ಮುಗಿದ್ಮೇಲೆ” ಎಂದು ಸೇರಿಸಿದಳು.

ನಾನೂ ಆ ಹುಡುಗನಂತೆ ಸಿಪಾಯಿಯನ್ನು ಮೊದಲು ಓಡಿಸಿದ್ದೆ. ಉತ್ತರಕ್ಕೆ ಅವಸರ ಮಾಡಿದ್ದೆ, ಪರಿಕಲ್ಪನೆ ಹಿಂದೆ ಉಳಿದಿತ್ತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆಗಳು ಇವು. ಪಠ್ಯಪುಸ್ತಕದ ಲೆಕ್ಕವನ್ನು ಬದಲಾಯಿಸುವ ಮುನ್ನ ಅದರಲ್ಲಿರುವ ವಸ್ತು ಯಾಕೆ ಅಲ್ಲಿದೆ ಎಂದು ಕೇಳಿಕೊಳ್ಳಿ. ಪೂರಕ ಘಟನೆಯನ್ನು ಯಾವಾಗಲೂ ‘ಇಲ್ಲ’ ರೂಪದಲ್ಲಿ ಹೇಳಿಸಿ, ಆಮೇಲೆ ಅದರೊಳಗೆ ಏನೇನು ಸೇರಿದೆ ಎಂದು ಪಟ್ಟಿ ಮಾಡಿಸಿ. ಪಟ್ಟಿ ಆದ ಮೇಲೆ ‘ಇವು ಸಮಸಂಭವನೀಯವೇ? ಹೇಗೆ ಗೊತ್ತು?’ ಎಂಬ ಪ್ರಶ್ನೆಯನ್ನು ತಪ್ಪಿಸಬೇಡಿ. ಶಾಲೆಯಲ್ಲಿ ಚೆಸ್ ಹಾಸು ಇದ್ದರೆ ಅದನ್ನು ಆಟದ ಕೋಣೆಯಲ್ಲಿ ಬಿಡದೆ ಗಣಿತಕ್ಕೂ ತನ್ನಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ಹಾಸಿನ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಗಳನ್ನು ರಚಿಸಿದ್ದರು. ಆ ಹಾಸು ನಮಗೆ ಹೊಸದಲ್ಲ. ಕೊನೆಯದಾಗಿ, ‘ಡ್ರಾ ಆದ್ರೆ?’ ಎಂಬಂಥ ಪ್ರಶ್ನೆ ಬಂದಾಗ ಗಂಟೆ ಹೊಡೆಯಲು ಎರಡು ನಿಮಿಷ ಇದ್ದರೂ ಸೀಮೆಸುಣ್ಣ ಕೆಳಗಿಟ್ಟು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎನ್ನಿ. ‘ಬೇಡ ಈಗ’ ಎನ್ನಬೇಡಿ.

ನನ್ನ ಪಾಠ ಯೋಜನೆಯಲ್ಲಿ ಆ ಲೆಕ್ಕವನ್ನು ಅಳಿಸಿಲ್ಲ, ತಿದ್ದಿ ಇಟ್ಟುಕೊಂಡಿದ್ದೇನೆ. ಈಗ ಅದು ಹೀಗಿದೆ: “ಇಬ್ಬರು ಗೆಳತಿಯರು ಚೆಸ್ ಆಡುತ್ತಾರೆ. ಮೊದಲನೆಯವಳು ಗೆಲ್ಲುವ ಸಂಭವನೀಯತೆ 0.4. ಎರಡನೆಯವಳು ಗೆಲ್ಲುವ ಸಂಭವನೀಯತೆ ಎಷ್ಟು ಎಂದು ಹೇಳಲು ಸಾಧ್ಯವೇ? ಇಲ್ಲವಾದರೆ, ಇನ್ನೇನು ತಿಳಿದಿರಬೇಕು?”